ಮಸಾರಿಯ ಶೇಂಗಾ, ಹಸಿರು ಬೂಷ್ಟು ಮತ್ತು 249ನೆಯ ಸ್ಥಾನ

ಕೃಷ್ಣೆ ಮತ್ತು ತುಂಗಭದ್ರೆ ಒಂದನ್ನೊಂದು ಕೂಡುವ ಮುನ್ನ ಅವುಗಳ ನಡುವೆ ಪೂರ್ವಕ್ಕೆ ಕಿರಿದಾಗುತ್ತ ಹೋಗುವ ನೆಲವನ್ನು ಕನ್ನಡ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ; ಅದರ ತುದಿಯ ಭಾಗಕ್ಕೆ ತೆಲುಗು ಮಾತಿನಲ್ಲಿ ಇಂದಿಗೂ ನಡಿಗಡ್ಡ ಎಂಬ ಹೆಸರಿದೆ. ಎರಡು ಭಾಷೆಯ ಈ ಎರಡು ಹೆಸರುಗಳ ಅರ್ಥ ಹೆಚ್ಚು ಕಡಿಮೆ ಒಂದೇ, ಹೊಳೆಗಳ ನಡುವಿನ ನೆಲ ಎಂಬುದು. ಆ ತುದಿಯಲ್ಲಿ, ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ಗುಡಿಗಳಿರುವ ಆಲಂಪುರದ ನೆರೆಯಲ್ಲಿ, ಉಂಡವಳ್ಳಿ ಇದೆ. ಗುಹಾಲಯಗಳಿಗೆ ಹೆಸರಾದ ಗುಂಟೂರು ಸೀಮೆಯ ಉಂಡವಲ್ಲಿ ಬೇರೆ ಊರು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ ರೂಪುಗೊಂಡಾಗ ಉಂಡವಳ್ಳಿಯೂ ಒಂದು ಮಂಡಲದ ಕೇಂದ್ರವಾಯಿತು. ಆದರೆ ಜಿಲ್ಲೆಯ ಗೆರೆಗಳಿಗಿಂತ ಹಳೆಯದಾದ ಒಂದು ನಂಟು ಈ ಸೀಮೆಗಿದೆ: 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬರುವವರೆಗೆ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದಿಂದ ಬಂದ ರಾಯಚೂರು ಜಿಲ್ಲೆಯೊಳಗೇ ಇದ್ದು, ಅನಂತರ ಮಹಬೂಬನಗರಕ್ಕೆ ಸೇರಿದವು. ಆಡಳಿತ ಎರಡಾದರೂ ಮಣ್ಣು ಮತ್ತು ಬೆಳೆ ಎರಡಾಗಲಿಲ್ಲ. ಈ ಸೀಮೆಯ ರೈತರು ನೆಲವನ್ನು ಎರೆ ಮತ್ತು ಮಸಾರಿ ಎಂದು ವಿಂಗಡಿಸುತ್ತಾರೆ. ಎರೆಯ ಕರಿಮಣ್ಣಿನಲ್ಲಿ ಹತ್ತಿ ಮತ್ತು ಬಿಳಿಜೋಳ ಬೆಳೆದರೆ, ನೀರು ಬೇಗ ಇಂಗಿ ಬೇಗ ಒಣಗುವ ಕೆಂಪು ಮಸಾರಿಯನ್ನು ಕಳೆದ ನೂರು ವರ್ಷಗಳಲ್ಲಿ ಹೆಚ್ಚಾಗಿ ಆಕ್ರಮಿಸಿಕೊಂಡ ಬೆಳೆ ಶೇಂಗಾ.

ಶೇಂಗಾದ ಇತಿಹಾಸವನ್ನು ಸಾಮಾನ್ಯವಾಗಿ ಎಕರೆ, ಚೀಲ ಮತ್ತು ಧಾರಣೆಯ ಲೆಕ್ಕದಲ್ಲಿ ಬರೆಯಲಾಗುತ್ತದೆ. ಅದೇ ಇತಿಹಾಸಕ್ಕೆ ಮನುಷ್ಯನ ಯಕೃತ್ತಿನೊಳಗೆ, ಒಂದು ಪ್ರೋಟೀನಿನ 249ನೆಯ ಸ್ಥಾನದಲ್ಲಿ, ಇನ್ನೊಂದು ದಾಖಲೆ ಇರುವುದು 1991ರಲ್ಲಿ ತಿಳಿದುಬಂದರೂ, ಬೆಳೆಯ ಚರಿತ್ರೆ ಬರೆಯುವವರು ಅದನ್ನು ವೈದ್ಯರ ಪಾಲಿಗೆ ಬಿಟ್ಟರು. ವೈದ್ಯಶಾಸ್ತ್ರದ ಬರಹಗಳಾದರೋ ಆ ಸ್ಥಾನವನ್ನು ವಿವರಿಸುವಾಗ ಕಾಯಿ ಯಾವ ಹೊಲದಲ್ಲಿ ಬಾಯಾರಿತು, ಯಾವ ಕೊಠಿಯಲ್ಲಿ ನೆನೆಯಿತು ಎಂಬುದನ್ನು ವಿಚಾರಿಸಲಿಲ್ಲ.

ಶೇಂಗಾ ದಕ್ಷಿಣ ಅಮೆರಿಕದ ಗಿಡ. ಅದು ಭಾರತಕ್ಕೆ ಬಂದ ದಾರಿಯ ಬಗೆಗೆ ಒಮ್ಮತವಿಲ್ಲವಾದರೂ, ಹೊಸ ಕಾಳಿಗೆ ಜನ ಇಟ್ಟ ಹೆಸರುಗಳು ಕೆಲವು ಸುಳಿವು ಕೊಡುತ್ತವೆ. ಕನ್ನಡದ ನೆಲಗಡಲೆ ಮತ್ತು ಕಡಲೆಕಾಯಿ, ತೆಲುಗಿನ ವೇರುಶನಗ, ಇವೆಲ್ಲ ಪರಿಚಿತವಾದ ಕಡಲೆಗೆ ನೆಲವನ್ನೋ ಬೇರನ್ನೋ ಕಾಯಿಯನ್ನೋ ಸೇರಿಸಿ ಮಾಡಿಕೊಂಡ ಹೆಸರುಗಳು. ತಮಿಳಿನ ಮಣಿಲಾಕೊಟ್ಟೈ ಎಂಬುದು ಫಿಲಿಪ್ಪೀನ್ಸಿನ ಮನಿಲಾ ಬಂದರನ್ನು ನೆನಪಿಸುತ್ತದೆ. ಗಿಡದ ಸ್ವಭಾವವೂ ವಿಚಿತ್ರವಾದದ್ದು. ಹೂವು ನೆಲದ ಮೇಲೆ ಅರಳುತ್ತದೆ. ಅದು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಹೊರಟು ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಗುತ್ತದೆ, ಮತ್ತು ಅದರ ತುದಿಯಲ್ಲಿ ಕತ್ತಲೆಯಲ್ಲಿ ಕಾಯಿ ಕಟ್ಟುತ್ತದೆ. ಕಾಯಿ ಮಣ್ಣಿನಲ್ಲೇ ಬಲಿಯುವುದರಿಂದ ಮಣ್ಣಿನಲ್ಲಿರುವ ಬೂಷ್ಟಿಗೂ ಅದಕ್ಕೂ ನೆರೆಹೊರೆಯ ಸಂಬಂಧ ಹುಟ್ಟಿನಿಂದಲೇ ಇರುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದ ಎಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳು ಪುದುಚೇರಿಯ ಬಂದರಿನಿಂದ ಶೇಂಗಾವನ್ನು ಹಡಗುಗಟ್ಟಲೆ ತರಿಸಿಕೊಳ್ಳತೊಡಗಿದ್ದರಿಂದ ಮದ್ರಾಸ್ ಪ್ರಾಂತದಲ್ಲಿ ಈ ಬೆಳೆ ಬೆಳೆಯಿತು. 1890ರ ದಶಕದಲ್ಲಿ ಹಳೆಯ ತಳಿ ಸೊರಗಿದಾಗ ಸೆನೆಗಲ್ ಮುಂತಾದ ಕಡೆಗಳಿಂದ ಹೊಸ ಬೀಜ ತರಿಸಿ ಅದನ್ನು ಎತ್ತಿ ನಿಲ್ಲಿಸಲಾಯಿತು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಸಂಧಿಸಿದ ಮೇಲೆ, ಮಕ್ತಲ ಸೀಮೆಯ ಕೃಷ್ಣಾ ನಿಲ್ದಾಣವನ್ನು ಹಾದು ಹೋಗುವ ಆ ದಾರಿ ಎಡೆದೊರೆಯ ಕಾಳುಕಡಿಗಳಿಗೆ ಎರಡು ದೊಡ್ಡ ಬಂದರುಗಳನ್ನು ಒಟ್ಟಿಗೆ ತೆರೆಯಿತು. ನಿಜಾಮರ ರಾಜ್ಯದಲ್ಲಿ ಶೇಂಗಾ ವ್ಯಾಪಕವಾಗಿ ಹಬ್ಬಿದ್ದು ಮುಖ್ಯವಾಗಿ ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ. 1930ರ ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯ್ದೆ ತೂಕ, ದಲಾಲಿ ಮತ್ತು ಸವಾಲನ್ನು, ಅಂದರೆ ಹರಾಜನ್ನು, ಒಂದು ಕಟ್ಟಿಗೆ ತರಲು ಯತ್ನಿಸಿತು. ರಾಯಚೂರಿನ ಗಂಜ್, ಅಂದರೆ ಕಾಳುಕಡಿಯ ಮಾರುಕಟ್ಟೆ, ಮತ್ತು ಅದರ ಸುತ್ತ ಎದ್ದ ಎಣ್ಣೆ ಗಿರಣಿಗಳು ಊರೂರಿನ ಗಾಣಗಳ ಕೆಲಸವನ್ನು ಕಸಿದುಕೊಂಡವು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕ್ಕೆ ಮೇವಾಯಿತು, ಹೊಲಕ್ಕೆ ಗೊಬ್ಬರವಾಯಿತು, ಪರದೇಶದ ಕೋಳಿ ಸಾಕಣೆಗೆ ಸರಕೂ ಆಯಿತು.

ಈ ವ್ಯಾಪಾರದ ಒಳಗೆ ಬೂಷ್ಟಿಗೆ ಅನುಕೂಲವಾದ ಎರಡು ಸಂದರ್ಭಗಳು ಸೇರಿಕೊಂಡಿದ್ದವು. ಮೊದಲನೆಯದು ಹೊಲದ್ದು. ಕಾಯಿ ಬಲಿಯುವ ಕೊನೆಯ ಮೂರು ನಾಲ್ಕು ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದಾಗ ಬೀಜದ ತೇವ ಇಳಿದು, ಬೂಷ್ಟನ್ನು ತಡೆಯಲು ಗಿಡ ತಾನೇ ತಯಾರಿಸಿಕೊಳ್ಳುವ ರಕ್ಷಕ ಪದಾರ್ಥಗಳು ನಿಂತುಹೋಗುತ್ತವೆ. ಸಿಪ್ಪೆ ಬಿರಿಯುತ್ತದೆ, ಹುಳ ಕೊರೆಯುತ್ತದೆ, ಹಳದಿ ಹಸಿರು ಬಣ್ಣದ ಬೂಷ್ಟು ಒಳಹೊಗುತ್ತದೆ. ಮಳೆಯನ್ನೇ ನಂಬಿದ ಮುಂಗಾರಿನ ಮಸಾರಿ ಬೆಳೆಗೆ ಈ ಅಪಾಯ ಹೆಚ್ಚು. ನೀರಾವರಿಯಲ್ಲಿ ಚಳಿಗಾಲಕ್ಕೆ ಬೆಳೆಯುವ, ತೆಲಂಗಾಣದವರು ಯಾಸಂಗಿ ಎನ್ನುವ ಹಿಂಗಾರು ಬೆಳೆಗೆ ಕಡಿಮೆ. ಎರಡನೆಯದು ಕೊಯಿಲಿನ ನಂತರದ್ದು. ಬಳ್ಳಿ ಕಿತ್ತು ಬಣವೆ ಹಾಕಿದ ಮೇಲೆ ಕಾಯಿ ಸರಿಯಾಗಿ ಒಣಗಿ ಬೀಜದ ತೇವ ನೂರಕ್ಕೆ 8ರ ಆಸುಪಾಸಿಗೆ ಇಳಿದರೆ ಬೂಷ್ಟು ಮಲಗಿರುತ್ತದೆ. ಆದರೆ ಒಣಗಿದ ಕಾಯಿ ತೂಕ ಕಳೆದುಕೊಳ್ಳುತ್ತದೆ, ಸುಲಿಯುವಾಗ ಬೀಜ ಎರಡು ಹೋಳಾಗುತ್ತದೆ, ಹೋಳಿಗೆ ಧಾರಣೆ ಇಲ್ಲ. ಆದ್ದರಿಂದ ಸುಲಿಯುವ ಮುನ್ನ ಕಾಯಿಯ ರಾಶಿಗೆ ನೀರು ಚಿಮುಕಿಸಿ ಸಿಪ್ಪೆ ಮೆತ್ತಗಾಗಿಸುವ ರೂಢಿ ಬೆಳೆಯಿತು. ನೀರು ಕುಡಿದ ಸಿಪ್ಪೆ ಹೆಬ್ಬೆರಳಿನ ಒತ್ತಿಗೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ, ಬೀಜ ಇಡಿಯಾಗಿ ಕೈಗೆ ಬರುತ್ತದೆ, ತೂಕವೂ ತುಸು ಏರುತ್ತದೆ. ಆ ತೇವವನ್ನು ಒಳಗಿಟ್ಟುಕೊಂಡೇ ಬೀಜ ಚೀಲ ಸೇರಿದಾಗ ಮಲಗಿದ್ದ ಬೂಷ್ಟು ಏಳುತ್ತದೆ. ಇದನ್ನು ಮೋಸ ಎನ್ನುವುದಕ್ಕಿಂತ ಧಾರಣೆ ಕಲಿಸಿದ ಪಾಠ ಎನ್ನುವುದು ನ್ಯಾಯ, ಏಕೆಂದರೆ ಗಂಜಿನ ಸವಾಲಿನಲ್ಲಿ ಇಡೀ ಬೀಜಕ್ಕೆ ಬೆಲೆ ಇತ್ತು, ಒಣಗಿಸಿದ ಶ್ರಮಕ್ಕೆ ಇರಲಿಲ್ಲ. ಜೊಳ್ಳು, ಮುರುಕು, ಕಪ್ಪಿಟ್ಟ ಕಾಳು ಬೇರೆಯಾಗಿ ಅಗ್ಗದಲ್ಲಿ ಬಿಕರಿಯಾಗುತ್ತಿದ್ದವು. ಬೆಳೆ ಕಿತ್ತ ಹೊಲದಲ್ಲಿ ಹಕ್ಕಲು ಆಯ್ದ ಕಾಯಿ, ಅಂದರೆ ಮಣ್ಣಿನಲ್ಲಿ ಉಳಿದು ಎಲ್ಲಕ್ಕಿಂತ ಹೆಚ್ಚು ಕಾಲ ಬೂಷ್ಟಿನ ಜತೆ ಇದ್ದ ಕಾಯಿ, ಕೂಲಿಯವರ ಮನೆಗೆ ಹೋಗುತ್ತಿತ್ತು.

ಹಳೆಯ ಅಡುಗೆಮನೆಗೆ ಕೆಟ್ಟ ಕಾಳಿನ ಗುರುತು ಇರಲಿಲ್ಲವೆಂದಲ್ಲ. ಹುರಿದ ಶೇಂಗಾ ತಿನ್ನುವಾಗ ಬಾಯಿ ಕೆಡಿಸುವ ಕಹಿ ಬೀಜವನ್ನು ಉಗುಳುವುದು ಎಲ್ಲರಿಗೂ ಅಭ್ಯಾಸ. ಆದರೆ ಬೂಷ್ಟಿನ ವಿಷಕ್ಕೆ ಅದರದೇ ಆದ ರುಚಿಯಿಲ್ಲ, ಹುರಿದರೆ ಅದು ಪೂರ್ತಿ ನಾಶವಾಗುವುದೂ ಇಲ್ಲ. ಹೀಗಾಗಿ ನಾಲಿಗೆಯ ಪರೀಕ್ಷೆಯನ್ನು ದಾಟಿಬಂದ ಕಾಳಿನಲ್ಲೂ, ಚಟ್ನಿಪುಡಿಯಾಗಿ ಕುಟ್ಟಿದ್ದರಲ್ಲೂ ಅದು ಉಳಿಯಬಹುದು. ಅದಕ್ಕೆ ಹೆಸರು ಬಂದದ್ದು ದೂರದ ಒಂದು ದುರಂತದಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಯಕೃತ್ತು ಕೊಳೆತು ಸತ್ತಾಗ, ಅವುಗಳ ಮೇವಿನಲ್ಲಿದ್ದ ಬ್ರೆಜಿಲ್ಲಿನ ಶೇಂಗಾ ಹಿಂಡಿಯ ಮೇಲೆ ಸಂಶಯ ಬಿತ್ತು. ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಸಿಕ್ಕಿ, ಆ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಅದು ಸ್ರವಿಸುವ ವಿಷವನ್ನು ಅಫ್ಲಾಟಾಕ್ಸಿನ್ ಎಂದು ಕರೆಯಲಾಯಿತು. ಅತಿನೇರಳೆ ಬೆಳಕಿನಡಿ ನೀಲಿಯಾಗಿ ಹೊಳೆಯುವ ಅದರ ಬಿ1 ಎಂಬ ಬಗೆಯೇ ಎಲ್ಲಕ್ಕಿಂತ ತೀವ್ರವಾದದ್ದು.

ಈ ಸುದ್ದಿ ಕರ್ನಾಟಕಕ್ಕೆ ತಲುಪಿದಾಗ ಅದು ಇಕ್ಕಟ್ಟಿನ ಸುದ್ದಿಯಾಗಿತ್ತು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಬಡಮಕ್ಕಳ ಪ್ರೋಟೀನ್ ಕೊರತೆಗೆ ಉತ್ತರವಾಗಿ ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿದ ಬಹೂಪಯೋಗಿ ಆಹಾರವನ್ನು ರೂಪಿಸಿತ್ತು. ದೇಶದಲ್ಲಿ ಅಗ್ಗವಾಗಿ ಹೇರಳವಾಗಿ ಸಿಗುವ ಪ್ರೋಟೀನ್ ಶೇಂಗಾದ್ದೇ ಎಂಬ ಲೆಕ್ಕ ತಪ್ಪಾಗಿರಲಿಲ್ಲ. ವಿಷದ ವಿಚಾರ ತಿಳಿದ ಮೇಲೆ ಅಲ್ಲಿನ ವಿಜ್ಞಾನಿಗಳು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಹಿಂಡಿಯ ವಿಷ ಕಳೆಯುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು. 1971ರಲ್ಲಿ ಮೈಸೂರಿನಿಂದಲೇ ಹೊರಬಂದ ವೈದ್ಯಕೀಯ ವರದಿಯೊಂದು, ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಮಕ್ಕಳಿಗೆ ಚಿಕಿತ್ಸೆಯಾಗಿ ಕೊಟ್ಟ ಶೇಂಗಾ ಹಿಟ್ಟಿನಲ್ಲಿ ಅರಿವಿಲ್ಲದೆ ಅಫ್ಲಾಟಾಕ್ಸಿನ್ ಸೇರಿಹೋಗಿ ಅವರ ಯಕೃತ್ತು ಗಾಸಿಗೊಂಡು ಗಡುಸಾದದ್ದನ್ನು ದಾಖಲಿಸಿತು. ಹಸಿವು ನೀಗಲು ಕೊಟ್ಟ ಹಿಟ್ಟೇ ಹಾನಿ ಮಾಡಿದ ಈ ಪ್ರಸಂಗ ಕರ್ನಾಟಕದ ಆಹಾರ ಚರಿತ್ರೆಯಲ್ಲಿ ಇನ್ನೂ ದೊಡ್ಡ ಸ್ಥಾನ ಪಡೆಯಬೇಕಿತ್ತು. ಮೂರು ವರ್ಷಗಳ ಅನಂತರ, 1974ರಲ್ಲಿ, ರಾಜಸ್ಥಾನ ಮತ್ತು ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 400ರಷ್ಟು ಜನ ಕಾಮಾಲೆಗೆ ಒಳಗಾಗಿ 106 ಮಂದಿ ಸತ್ತರು. ಅದರ ಕಾರಣವನ್ನು ಹುಡುಕಿ ತೆಗೆದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು. ಹೀಗೆ ಸಾಯಿಸುವುದು ವಿಷ ಒಮ್ಮೆಗೇ ಬಹಳ ಹೊಕ್ಕಾಗ. ಸ್ವಲ್ಪ ಸ್ವಲ್ಪವೇ ಹತ್ತಾರು ವರ್ಷ ಹೊಕ್ಕಾಗ ಅದು ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಬೇರೊಂದು ಶಾಸ್ತ್ರ ಬೆಳೆಯಬೇಕಾಯಿತು.

ಆ ಶಾಸ್ತ್ರದ ನಡುವೆ ನಿಂತಿರುವುದು ಪಿ53 ಎಂಬ ಪ್ರೋಟೀನ್. 1979ರಲ್ಲಿ ಬ್ರಿಟನ್, ಅಮೆರಿಕ ಮತ್ತು ಫ್ರಾನ್ಸಿನ ಹಲವು ಪ್ರಯೋಗಾಲಯಗಳಲ್ಲಿ ಒಟ್ಟಿಗೇ ಎಂಬಂತೆ ಅದು ಕಣ್ಣಿಗೆ ಬಿತ್ತು. ತೂಕದ ಅಂದಾಜಿನಿಂದ ಆ ಹೆಸರು ಬಂತು, ಮತ್ತು ಆ ಅಂದಾಜೂ ತಪ್ಪೆಂದು ಆಮೇಲೆ ತಿಳಿಯಿತು. ಗಡ್ಡೆಗಳ ಜೀವಕೋಶಗಳಲ್ಲಿ ಅದು ರಾಶಿಯಾಗಿ ಸಿಗುತ್ತಿದ್ದುದರಿಂದ ಮೊದಲ ಹತ್ತು ವರ್ಷ ಅದನ್ನು ಕ್ಯಾನ್ಸರ್ ಹುಟ್ಟಿಸುವ ಪ್ರೋಟೀನ್ ಎಂದೇ ನಂಬಲಾಗಿತ್ತು. 1989ರಲ್ಲಿ ಬರ್ಟ್ ವೋಗಲ್‌ಸ್ಟೈನ್ ಮತ್ತು ಆರ್ನಾಲ್ಡ್ ಲೆವಿನ್ ಅವರ ತಂಡಗಳು ಪ್ರಯೋಗಾಲಯಗಳಲ್ಲಿ ಅದುವರೆಗೆ ಬಳಸುತ್ತಿದ್ದ ಜೀನುಗಳು ಬಹುಮಟ್ಟಿಗೆ ಕೆಟ್ಟ ಪ್ರತಿಗಳೆಂದೂ, ಕೆಡದ ಪಿ53 ಗಡ್ಡೆಯನ್ನು ತಡೆಯುವಂಥದೆಂದೂ ತೋರಿಸಿದವು. ಕಾವಲುಗಾರನನ್ನೇ ಕಳ್ಳನೆಂದು ಹಿಡಿದಿಟ್ಟು ಹತ್ತು ವರ್ಷ ವಿಚಾರಣೆ ನಡೆಸಿದಂತಾಗಿತ್ತು.

ಜೀವಕೋಶದೊಳಗಿನ ಡಿಎನ್‌ಎ, ಅಂದರೆ ವಂಶಗುಣದ ಬರಹವಿರುವ ಉದ್ದನೆಯ ಎಳೆ, ಬಿಸಿಲು, ಹೊಗೆ, ವಿಷ ಇವುಗಳಿಂದ ದಿನವೂ ಗಾಸಿಗೊಳ್ಳುತ್ತಿರುತ್ತದೆ. ಗಾಸಿಯ ಸುಳಿವು ಸಿಕ್ಕೊಡನೆ ಪಿ53 ಹೆಚ್ಚಾಗಿ ಸಂಗ್ರಹವಾಗಿ, ಡಿಎನ್‌ಎಯನ್ನು ಗೊತ್ತಾದ ಸ್ಥಳಗಳಲ್ಲಿ ಹಿಡಿದು ಬೇರೆ ಬೇರೆ ಜೀನುಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ಕೆಲವು ಕೋಶದ ವಿಭಜನೆಯನ್ನು ನಿಲ್ಲಿಸಿ ರಿಪೇರಿಗೆ ಅವಕಾಶ ಕೊಡುತ್ತವೆ, ರಿಪೇರಿಯಾಗದಷ್ಟು ಕೆಟ್ಟಿದ್ದರೆ ಇನ್ನು ಕೆಲವು ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತವೆ. 393 ಅಮೈನೋ ಆಮ್ಲಗಳ ಸರದಿಂದಾದ ಈ ಪ್ರೋಟೀನಿನ ನಡುಭಾಗವೇ ಡಿಎನ್‌ಎಯನ್ನು ಹಿಡಿಯುವ ಕೈ. ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ, ಮತ್ತು ಆ ಕೆಡುಕುಗಳಲ್ಲಿ ಹೆಚ್ಚಿನವು ಈ ಕೈಯ ಭಾಗದಲ್ಲೇ, ಒಂದೊಂದು ಅಮೈನೋ ಆಮ್ಲ ಬದಲಾಗುವುದರಿಂದ, ಆಗುತ್ತವೆ. ಹಾಲು ಎಂಬಲ್ಲಿ ಒಂದಕ್ಷರ ತಿದ್ದಿದರೆ ಹಾಳು ಆಗುವಂಥ ಈ ಬದಲಾವಣೆಯನ್ನು ಉತ್ಪರಿವರ್ತನೆ ಎನ್ನುತ್ತಾರೆ. ಬೇರೆ ಗಡ್ಡೆ ತಡೆಯುವ ಜೀನುಗಳ ವಿಚಾರದಲ್ಲಿ ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಕೆಟ್ಟರೆ ಮಾತ್ರ ಕಾವಲು ತಪ್ಪುತ್ತದೆ ಎಂಬ ನಿಯಮವಿದೆ. ಪಿ53ರ ರೀತಿ ತುಸು ಬೇರೆ. ಅದು ಕೆಲಸ ಮಾಡುವುದು ನಾಲ್ಕು ಅಣುಗಳು ಕೂಡಿ. ನಾಲ್ವರು ಹೊರುವ ಪಲ್ಲಕ್ಕಿಯಲ್ಲಿ ಒಬ್ಬ ಕುಂಟಿದರೂ ಪಲ್ಲಕ್ಕಿ ವಾಲುವಂತೆ, ಒಂದು ಪ್ರತಿಯಿಂದ ಬಂದ ಕೆಟ್ಟ ಅಣುಗಳು ಇನ್ನೊಂದು ಪ್ರತಿಯ ಒಳ್ಳೆಯ ಅಣುಗಳನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಅರ್ಧದಷ್ಟು ಅಣುಗಳು ಕೆಟ್ಟಿದ್ದರೆ, ನಾಲ್ಕೂ ಒಳ್ಳೆಯವಾಗಿರುವ ಕೂಟಗಳು ಲೆಕ್ಕದ ಪ್ರಕಾರ ಹದಿನಾರರಲ್ಲಿ ಒಂದು ಮಾತ್ರ.

1991ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಚೀನದ ಚೀದೋಂಗ್ ಎಂಬ, ಬೂಷ್ಟು ಹಿಡಿದ ಮೆಕ್ಕೆಜೋಳಕ್ಕೂ ಯಕೃತ್ತಿನ ಕ್ಯಾನ್ಸರಿಗೂ ಕುಖ್ಯಾತವಾಗಿದ್ದ ಪ್ರದೇಶದ 16 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ 8ರಲ್ಲಿ ಪಿ53 ಕೆಟ್ಟದ್ದು ಒಂದೇ ಕಡೆ, 249ನೆಯ ಸ್ಥಾನದಲ್ಲಿ. ಆಫ್ರಿಕದ ದಕ್ಷಿಣ ಭಾಗದ ರೋಗಿಗಳಲ್ಲಿಯೂ ಬದಲಾವಣೆಗಳು ಅಲ್ಲಿಯೇ ಗುಂಪುಗೂಡಿದ್ದವು. ಅದೇ ಕ್ಯಾನ್ಸರು ಬೂಷ್ಟಿನ ಕಾಟವಿಲ್ಲದ ಯುರೋಪಿನಲ್ಲಿ ಬಂದಾಗ ಆ ಸ್ಥಾನ ಕೆಡುವುದು ಅಪರೂಪ. ಕಾರಣ ರಸಾಯನಶಾಸ್ತ್ರದ್ದು. ಒಳಹೊಕ್ಕ ವಿಷವನ್ನು ಹೊರಹಾಕಲೆಂದು ಯಕೃತ್ತು ಅದಕ್ಕೆ ಆಮ್ಲಜನಕ ಸೇರಿಸುತ್ತದೆ, ಆದರೆ ಹಾಗೆ ಮಾರ್ಪಟ್ಟ ಅಫ್ಲಾಟಾಕ್ಸಿನ್ ಇನ್ನೂ ಚುರುಕಾಗಿ ಡಿಎನ್‌ಎಯ ಗ್ವಾನಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅಂಟು ಬಿಡಿಸುವ ಮೊದಲೇ ಕೋಶ ವಿಭಜನೆಗೊಂಡರೆ ಗ್ವಾನಿನ್ ಇದ್ದಲ್ಲಿ ಥೈಮಿನ್ ಎಂಬ ಬೇರೆ ಅಕ್ಷರ ಕೂರುತ್ತದೆ. 249ನೆಯ ಸ್ಥಾನವನ್ನು ಸೂಚಿಸುವ ಮೂರಕ್ಷರದ ಪದದಲ್ಲಿ ಮೂರನೆಯ ಅಕ್ಷರ ಹೀಗೆ ಬದಲಾದಾಗ ಆರ್ಜಿನಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಸೆರಿನ್ ಎಂಬುದು ಬರುತ್ತದೆ. 1994ರಲ್ಲಿ ಈ ಪ್ರೋಟೀನಿನ ಆಕಾರವನ್ನು ಬಿಡಿಸಿದಾಗ ತಿಳಿದಂತೆ, ಆ ಆರ್ಜಿನಿನ್ ತಾನಾಗಿ ಡಿಎನ್‌ಎಯನ್ನು ಮುಟ್ಟುವುದಿಲ್ಲ. ಮುಟ್ಟುವ ಮಡಿಕೆಗಳನ್ನು ಒಳಗಿನಿಂದ ಬಿಗಿದು ನಿಲ್ಲಿಸುವ ಗೂಟ ಅದು. ಗೂಟ ಕಿತ್ತರೆ ಕೈ ಸಡಿಲಾಗುತ್ತದೆ.

ಶೇಂಗಾದ ಚರಿತ್ರೆಗೆ ನೇರವಾಗಿ ಸೇರುವ ಸಾಕ್ಷ್ಯ ಬಂದದ್ದು ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಿಂದ, ಅಂದರೆ ಒಂದು ಕಾಲಕ್ಕೆ ಮದ್ರಾಸ್ ಪ್ರಾಂತಕ್ಕೆ ಹೊಸ ಬೀಜ ಕಳಿಸಿದ ಸೆನೆಗಲ್ಲಿನ ಮಗ್ಗುಲಲ್ಲೇ ಇದ್ದು ಶೇಂಗಾ ರಫ್ತಿನಿಂದಲೇ ಬದುಕಿದ ಪುಟ್ಟ ದೇಶದಿಂದ. ಅಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಕೃತ್ತಿನ ಕ್ಯಾನ್ಸರಿನ 53 ರೋಗಿಗಳಲ್ಲಿ 19 ಮಂದಿಯ ರಕ್ತದಲ್ಲೇ 249ರ ಆ ಗುರುತು ಸಿಕ್ಕಿತು. ರೋಗವಿಲ್ಲದ ಕೆಲವರಲ್ಲೂ ಅದು ಕಂಡಿತು. ಆದರೂ ಬೂಷ್ಟು ಒಂಟಿಯಾಗಿ ಕೆಲಸ ಮಾಡುವುದು ಕಡಿಮೆ. ಶಾಂಘೈಯ 18,000ಕ್ಕೂ ಹೆಚ್ಚು ಗಂಡಸರ ಅಧ್ಯಯನದಲ್ಲಿ ಅಫ್ಲಾಟಾಕ್ಸಿನ್ ಮಾತ್ರ ಹೊಕ್ಕವರಿಗೆ ಅಪಾಯ ಮೂರೂವರೆ ಪಟ್ಟಿನಷ್ಟು, ಹೆಪಟೈಟಿಸ್ ಬಿ ವೈರಸ್ ಮಾತ್ರ ಇದ್ದವರಿಗೆ ಏಳು ಪಟ್ಟಿನಷ್ಟು ಇದ್ದರೆ, ಎರಡೂ ಇದ್ದವರಿಗೆ 59 ಪಟ್ಟು ಇತ್ತು. ವೈರಸ್ಸು ಯಕೃತ್ತಿನ ಕೋಶಗಳನ್ನು ಕೊಲ್ಲುತ್ತ ಉಳಿದವು ಪದೇ ಪದೇ ವಿಭಜನೆಗೊಳ್ಳುವಂತೆ ಮಾಡುವುದರಿಂದ, ಅಂಟಿದ ವಿಷವನ್ನು ಬಿಡಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಆ ವೈರಸ್ಸಿಗೆ ದೇಶೀಯವಾಗಿ ತಯಾರಾದ ಮೊದಲ ಲಸಿಕೆ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನಿಂದ ಹೊರಬಂದು ಬೆಲೆ ಇಳಿಯಿತು. ಸರ್ಕಾರದ ಲಸಿಕೆ ಕಾರ್ಯಕ್ರಮ 2011ರ ಹೊತ್ತಿಗೆ ಅದನ್ನು ಎಲ್ಲ ರಾಜ್ಯಗಳಿಗೂ ಒಯ್ದಿತು.

ಎಡೆದೊರೆಯಲ್ಲಿ ಬೂಷ್ಟಿನ ಲೆಕ್ಕವನ್ನು ಬದಲಿಸಬಲ್ಲ ಇನ್ನೊಂದು ಶಕ್ತಿ ನೀರು. ನಿಜಾಮರ ಆಡಳಿತದ ಕೊನೆಯ ವರ್ಷಗಳಲ್ಲಿ ಆರಂಭವಾಗಿ 1950ರ ದಶಕದಲ್ಲಿ ರೂಪುಗೊಂಡ ರಾಜೋಳಿಬಂಡ ತಿರುವು ಯೋಜನೆಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆ ರಾಯಚೂರು ಜಿಲ್ಲೆಯಲ್ಲಿದೆ. ಅದರಿಂದ ನೆನೆಯಬೇಕಾದ ನೆಲದಲ್ಲಿ 87,500 ಎಕರೆ ಗದ್ವಾಲ ಮತ್ತು ಆಲಂಪುರ ಸೀಮೆಯದು. ಒಂದೇ ಜಿಲ್ಲೆಯೊಳಗೆ ಯೋಚಿಸಿದ ಕಾಲುವೆ 1956ರ ಗೆರೆಯಿಂದ ಎರಡು ರಾಜ್ಯಗಳ ವ್ಯಾಜ್ಯವಾಯಿತು, ಮತ್ತು ಬಾಲದ ತುದಿಯಲ್ಲಿರುವ ಆಲಂಪುರ ಸೀಮೆಗೆ ಪಾಲಿನ ನೀರು ಪೂರ್ತಿ ಬರುವುದಿಲ್ಲ ಎಂಬ ದೂರು ಅಂದಿನಿಂದಲೂ ಇದೆ. ಈ ದೂರನ್ನು ಇಳುವರಿಯ ದೂರಾಗಿ ಮಾತ್ರ ಕೇಳಿಸಿಕೊಳ್ಳುವುದು ವಾಡಿಕೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಒಂದು ತೇವ ತಪ್ಪಿದರೆ ಬೀಜದೊಳಕ್ಕೆ ಏನು ಹೋಗುತ್ತದೆಂಬುದನ್ನು ಬಲ್ಲವರಿಗೆ ಅದು ಬೇರೆ ದೂರಾಗಿಯೂ ಕೇಳಿಸಬೇಕು. 1972ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಬೂಷ್ಟು ತಡೆಯುವ ತಳಿ, ಹೊಲಕ್ಕೆ ಸುಣ್ಣ ಮತ್ತು ಗೊಬ್ಬರ, ಅಗ್ಗದ ಪರೀಕ್ಷೆ, ಬೇಗ ಒಣಗಿಸುವ ವಿಧಾನ ಇವನ್ನೆಲ್ಲ ಕೊಟ್ಟಿದೆ. ಗಂಜಿನ ಸವಾಲಿನಲ್ಲಿ ಮಾತ್ರ ಬೀಜದ ಗಾತ್ರ, ಬಣ್ಣ ಮತ್ತು ತೇವಕ್ಕೆ ಬೆಲೆ ಕಟ್ಟುವಂತೆ ವಿಷದ ಅಳತೆಗೆ ಬೆಲೆ ಕಟ್ಟುವ ಪದ್ಧತಿ ಬೇರೂರಿಲ್ಲ.

ಅಳತೆ ನಡೆಯುವುದು ಹಡಗು ಹತ್ತುವ ಸರಕಿಗೆ. ನೇರವಾಗಿ ತಿನ್ನುವ ಶೇಂಗಾದ ಒಂದು ಕಿಲೋದಲ್ಲಿ 4 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇರಕೂಡದೆಂದು ಯುರೋಪಿನ ಒಕ್ಕೂಟ ಹೇಳಿದರೆ, ಭಾರತದ ಕಾನೂನು ದಶಕಗಳ ಕಾಲ 30ರವರೆಗೆ ಬಿಟ್ಟಿತ್ತು. ಮಿತಿ ಬಿಗಿಯಾದಷ್ಟೂ ಆರಿಸುವುದು ಹೆಚ್ಚಾಗುತ್ತದೆ. ಸುಲಿಯುವ ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು ಸುಕ್ಕಿದ, ಬಣ್ಣ ಕೆಟ್ಟ, ತೂತು ಬಿದ್ದ ಬೀಜಗಳನ್ನು ಬೆರಳಿನಿಂದ ಬದಿಗೆ ಸರಿಸುತ್ತಾರೆ, ಮತ್ತು ಹಾಗೆ ಸರಿಸಿದ ರಾಶಿಯಲ್ಲೇ ವಿಷದ ದೊಡ್ಡ ಪಾಲು ಸೇರಿರುತ್ತದೆ. ಆ ರಾಶಿಯನ್ನು ಯಾರೂ ಚೆಲ್ಲುವುದಿಲ್ಲ. ಅದು ಗಿರಣಿಗೆ ಹೋಗುತ್ತದೆ. ಎಣ್ಣೆ ಶುದ್ಧಿಯಾಗುವಾಗ ಅದರಲ್ಲಿದ್ದದ್ದು ಕಳೆದರೂ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಚೀಲದಲ್ಲಿ ಊರಿಗೆ ಮರಳಿ, ಬಕೆಟ್ಟಿನ ನೀರಿನಲ್ಲಿ ನೆನೆದು, ಸಂಜೆ ಎಮ್ಮೆಯ ಮುಂದೆ ಬರುತ್ತದೆ. ಎಮ್ಮೆಯ ಯಕೃತ್ತು ಬಿ1 ಅನ್ನು ಎಂ1 ಎಂಬ ಬಗೆಗೆ ಬದಲಿಸಿ ಅದರ ಒಂದಂಶವನ್ನು ಕೆಚ್ಚಲಿಗೆ ಕಳಿಸುತ್ತದೆ, ಮತ್ತು ಬೆಳಗಿನ ಹಾಲಿಗೆ ಅದು ಬಂದಿರುತ್ತದೆ.